ಕಟ್ಟಡಗಳಲ್ಲಿ ಗಾಳಿತಡೆ: ಜಮಖಂಡಿ–ಮುಧೋಳ ಸೀಮೆಯ ಮನೆ, ಮಗ್ಗ, ಹಗೇವುಗಳು

ಕಟ್ಟಡದ ಒಳಗಿನ ಗಾಳಿ ಹೊರಗೂ ಹೊರಗಿನ ಗಾಳಿ ಒಳಗೂ ಸಂದುಗೊಂದುಗಳಿಂದ ನುಸುಳದಂತೆ ಗೋಡೆ, ಮಾಳಿಗೆ, ನೆಲ, ಬಾಗಿಲು, ಕಿಟಕಿಗಳನ್ನು ಕೂಡಿಸಿ ರಚಿಸಿದ ಎಡೆಬಿಡದ ಪದರಕ್ಕೆ ಗಾಳಿತಡೆ ಎಂದು ಹೆಸರು. ಅದು ಒಂದೇ ವಸ್ತುವಿನದಾಗಿರಬೇಕೆಂದಿಲ್ಲ. ಗೋಡೆಗೆ ಬಳಿದ ಗಿಲಾವ್, ಮೇಲಿನ ಸ್ಲ್ಯಾಬು, ಕಿಟಕಿಯ ಗಾಜು, ಇವು ಒಂದಕ್ಕೊಂದು ಕೂಡುವಲ್ಲಿ ತುಂಬಿದ ಸೀಲೆಂಟ್ ಅಥವಾ ರಬ್ಬರ್ ಪಟ್ಟಿ, ಎಲ್ಲ ಸೇರಿ ಗಾಳಿತಡೆಯಾಗುತ್ತವೆ. ಗಾಳಿ ಯಾವ ದಾರಿಯಲ್ಲಿ, ಯಾವ ಹೊತ್ತಿಗೆ, ಎಷ್ಟು ಬರಬೇಕೆಂಬುದನ್ನು ಬಿರುಕುಗಳ ಪಾಲಿಗೆ ಬಿಡದೆ ಕಟ್ಟಡ ಬಳಸುವವರ ಕೈಗೆ ಕೊಡುವುದು ಇದರ ಉದ್ದೇಶ.

ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳು ಕೃಷ್ಣಾ, ಘಟಪ್ರಭಾ ನದಿಗಳ ಬಯಲಿನಲ್ಲಿವೆ. ಪಟವರ್ಧನರ ಜಮಖಂಡಿ ಮತ್ತು ಘೋರ್ಪಡೆಯವರ ಮುಧೋಳ ಸಂಸ್ಥಾನಗಳು 1948ರಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾದವು. 1997ರಲ್ಲಿ ಅಂದಿನ ಬಿಜಾಪುರ ಜಿಲ್ಲೆಯನ್ನು ಒಡೆದು ಬಾಗಲಕೋಟೆ ಜಿಲ್ಲೆ ಮಾಡಿದಾಗ ಈ ಪ್ರದೇಶ ಅದಕ್ಕೆ ಸೇರಿತು. ಮಳೆ ಕಡಿಮೆ, ಎರೆಭೂಮಿ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ಮಧ್ಯಾಹ್ನದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಕಾಳು ಕಾಪಾಡುವ ಹಗೇವು, ಮಣ್ಣಿನ ಮಾಳಿಗೆಯ ಮನೆ, ನೇಕಾರರ ಮಗ್ಗದ ಮನೆ, ಒಣದ್ರಾಕ್ಷಿಯ ಶೀತಲಗೃಹ, ಹೊಸ ಸ್ಲ್ಯಾಬಿನ ಮನೆ, ಇಷ್ಟೂ ಬಗೆಯ ಕಟ್ಟಡಗಳನ್ನು ಇಲ್ಲಿ ಕಾಣಬಹುದು. ಗಾಳಿಯ ವಿಷಯದಲ್ಲಿ ಇವು ಬೇಡುವುದು ಬೇರೆಬೇರೆ.

ಗಾಳಿ ಸೋರುವ ಬಗೆ

ಗಾಳಿ ಸೋರಲು ಎರಡು ಬೇಕು: ತೂತು ಮತ್ತು ಒತ್ತಡದ ವ್ಯತ್ಯಾಸ. ಒತ್ತಡ ಮೂರು ಕಡೆಯಿಂದ ಬರುತ್ತದೆ. ಮೊದಲನೆಯದು ಬೀಸುಗಾಳಿ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ತಾನು ಬಡಿಯುವ ಗೋಡೆಯ ಮೇಲೆ ಸುಮಾರು 15 ಪಾಸ್ಕಲ್ ಒತ್ತಡ ಹಾಕುತ್ತದೆ. ವೇಗ 9 ಮೀಟರಿಗೇರಿದರೆ ಒತ್ತಡ 50 ಪಾಸ್ಕಲ್‌ನ ಹತ್ತಿರ ಬರುತ್ತದೆ. ಮರೆಯಲ್ಲಿರುವ ಗೋಡೆಯ ಮೇಲೆ ಸೆಳೆತ ಉಂಟಾಗುವುದರಿಂದ ಗಾಳಿ ಒಂದು ಬದಿಯಿಂದ ನುಗ್ಗಿ ಇನ್ನೊಂದು ಬದಿಯಿಂದ ಹೊರಬೀಳುತ್ತದೆ.

ಎರಡನೆಯದು ಬಿಸಿಗಾಳಿ ಏರಿ ತಂಪುಗಾಳಿ ಇಳಿಯುವುದರಿಂದ ಹುಟ್ಟುವ ಒತ್ತಡ. ಒಳಗೂ ಹೊರಗೂ ಇರುವ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ, ಪ್ರತಿ ಮೀಟರ್ ಎತ್ತರಕ್ಕೆ ಇದು ಸುಮಾರು 0.04 ಪಾಸ್ಕಲ್. ಚಳಿ ದೇಶಗಳ ಮನೆಯಲ್ಲಿ ಒಳಗಿನ ಬೆಚ್ಚನೆಯ ಗಾಳಿ ಮೇಲಿನಿಂದ ಹೋಗುತ್ತದೆ, ಹೊರಗಿನ ತಣ್ಣನೆಯದು ಕೆಳಗಿನಿಂದ ಬರುತ್ತದೆ. ಈ ಸೀಮೆಯ ಬೇಸಿಗೆಯ ಮಧ್ಯಾಹ್ನ ಇದು ತಿರುವುಮುರುವಾಗುತ್ತದೆ. ದಪ್ಪ ಗೋಡೆಯ ಮನೆಯೊಳಗಿನ ತಂಪುಗಾಳಿ ಭಾರವಾಗಿ ಬಾಗಿಲ ಅಡಿಯಿಂದ ಹೊರಕ್ಕೆ ಹರಿಯುತ್ತದೆ. ಅದರ ಜಾಗಕ್ಕೆ ಮೇಲಿನ ಕಿಂಡಿಗಳಿಂದ ಬಿಸಿಗಾಳಿ ಇಳಿಯುತ್ತದೆ. ರಾತ್ರಿ ಹೊರಗೆ ತಂಪಾದಾಗ ದಿಕ್ಕು ಮತ್ತೆ ಬದಲಾಗುತ್ತದೆ. ಹೊತ್ತೇರುತ್ತಲೇ ಬಾಗಿಲು ಮುಂದೆ ಮಾಡಿ, ಸಂಜೆ ಎಲ್ಲವನ್ನೂ ತೆರೆದಿಡುವ ಇಲ್ಲಿನ ರೂಢಿಗೆ ಈ ಲೆಕ್ಕವೇ ಆಧಾರ.

ಮೂರನೆಯದು ಯಂತ್ರದ ಒತ್ತಡ. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹೊರದಬ್ಬಿದಷ್ಟು ಗಾಳಿ ಎಲ್ಲಿಂದಲಾದರೂ ಒಳಬರಲೇಬೇಕು. ಕಿಟಕಿ ಮುಚ್ಚಿದ್ದರೆ ಅದು ಬಿರುಕುಗಳನ್ನು ಹುಡುಕಿಕೊಳ್ಳುತ್ತದೆ.

ಸೋರುವ ಗಾಳಿ ತನ್ನೊಂದಿಗೆ ಶಾಖ, ತೇವ, ಧೂಳು, ಹೊಗೆ, ಸದ್ದುಗಳನ್ನು ತರುತ್ತದೆ. 3 ಮೀಟರ್ ಅಗಲ, 4 ಮೀಟರ್ ಉದ್ದ, 3 ಮೀಟರ್ ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿಯಿದೆ. ಹೊರಗಿಗಿಂತ ಒಳಗೆ 8 ಡಿಗ್ರಿ ತಂಪಿದ್ದು, ಈ ಗಾಳಿ ಗಂಟೆಗೆ ಒಮ್ಮೆ ಬದಲಾದರೆ ಸುಮಾರು 96 ವ್ಯಾಟ್ ಶಾಖ ಒಳಬರುತ್ತದೆ. ಐದು ಸಲ ಬದಲಾದರೆ ಅದು 480 ವ್ಯಾಟ್. ಒಂದು ಟನ್ ಎಸಿಯ ಸಾಮರ್ಥ್ಯದಲ್ಲಿ ಏಳನೆಯ ಒಂದು ಪಾಲು ಅಷ್ಟಕ್ಕೇ ಸರಿಹೋಗುತ್ತದೆ. ಕಬ್ಬು ಕಡಿದ ಮೇಲೆ ಹೊಲದಲ್ಲಿ ರವದಿ ಸುಡುವ ದಿನಗಳಲ್ಲಿ ಹೊಗೆ ಊರೊಳಗಿನ ಮನೆಗಳಿಗೆ ಬರುವುದೂ ಇದೇ ಸಂದುಗಳಿಂದ.

ಲಕ್ಷಣಗಳು

ಒಳ್ಳೆಯ ಗಾಳಿತಡೆಗೆ ನಾಲ್ಕು ಗುಣಗಳಿರಬೇಕು. ವಸ್ತು ಗಾಳಿ ಬಿಡದಂಥದ್ದಾಗಿರಬೇಕು. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಮಿತಿಯಂತೆ 75 ಪಾಸ್ಕಲ್ ಒತ್ತಡದಲ್ಲಿ ಚದರ ಮೀಟರಿಗೆ ಸೆಕೆಂಡಿಗೆ 0.02 ಲೀಟರಿಗಿಂತ ಹೆಚ್ಚು ಗಾಳಿ ದಾಟಬಾರದು. ಪದರ ಎಲ್ಲಿಯೂ ಕಡಿಯಬಾರದು. ಬಿರುಗಾಳಿಯ ಒತ್ತಡಕ್ಕೆ ಹರಿಯದಂತೆ ಅದಕ್ಕೆ ಗಟ್ಟಿ ಆಸರೆ ಬೇಕು. ಕಟ್ಟಡ ಬಾಳುವಷ್ಟು ಕಾಲ ಬಾಳಬೇಕು, ಇಲ್ಲವೇ ದುರಸ್ತಿಗೆ ಕೈಗೆಟುಕಬೇಕು.

ಕಾಂಕ್ರೀಟು, ಗಾಜು, ಲೋಹದ ತಗಡು, ಸರಿಯಾಗಿ ಮಾಡಿದ ಸಿಮೆಂಟ್ ಗಿಲಾವ್ ಮೊದಲ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತವೆ. ಗಿಲಾವಿಲ್ಲದ ಕಾಂಕ್ರೀಟ್ ಬ್ಲಾಕಿನ ಗೋಡೆ ಮತ್ತು ಗಾಜಿನ ನಾರಿನ ಹಾಸು ಸೋಲುತ್ತವೆ. ನಾರಿನ ಹಾಸು ಶಾಖವನ್ನು ತಡೆಯುತ್ತದೆಯೇ ಹೊರತು ಗಾಳಿಯನ್ನಲ್ಲ. ಗಾಳಿ ಅದರೊಳಗೆ ಹರಿಯತೊಡಗಿದರೆ ಶಾಖ ತಡೆಯುವ ಗುಣವೂ ಕುಗ್ಗುತ್ತದೆ.

ಕಷ್ಟವಿರುವುದು ಎರಡನೆಯ ಗುಣದಲ್ಲಿ, ಅಂದರೆ ಸಂದುಗಳಲ್ಲಿ. ಒಂದು ಮೀಟರ್ ಅಗಲದ ಬಾಗಿಲ ಅಡಿಯಲ್ಲಿ ಒಂದು ಸೆಂಟಿಮೀಟರ್ ಸಂದು ಬಿಟ್ಟರೆ 100 ಚದರ ಸೆಂಟಿಮೀಟರ್ ತೂತು ತೆರೆದಂತೆ. ಎರೆಭೂಮಿಯ ಊರುಗಳಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ತಳಪಾಯ ಗಟ್ಟಿನೆಲ ಮುಟ್ಟದಿದ್ದರೆ ಗೋಡೆಯೂ ಅದರೊಡನೆ ಅಲುಗಾಡಿ, ಬಾಗಿಲು-ಕಿಟಕಿಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ. ಅಂಥ ಬಿರುಕಿಗೆ ಗಡಸು ಸಿಮೆಂಟ್ ತುಂಬಿದರೆ ಮುಂದಿನ ಬೇಸಿಗೆಗೆ ಅದು ಮತ್ತೆ ಬಾಯ್ಬಿಡುತ್ತದೆ. ಎಳೆದರೆ ಹಿಗ್ಗುವ ಸೀಲೆಂಟ್ ಬೇಕು.

ಗಾಳಿತಡೆ ಬೇರೆ, ಆವಿತಡೆ ಬೇರೆ. ನೀರಾವಿ ಗಟ್ಟಿ ವಸ್ತುವಿನೊಳಗಿಂದಲೂ ನಿಧಾನವಾಗಿ ಹಾಯುತ್ತದೆ; ಅದನ್ನು ತಡೆಯುವುದು ಆವಿತಡೆ. ಮಣ್ಣಿನ ಗಿಲಾವ್ ಗಾಳಿಯನ್ನು ಬಹುಮಟ್ಟಿಗೆ ತಡೆದು ಆವಿಯನ್ನು ಬಿಡುತ್ತದೆ, ಪಾಲಿಥೀನ್ ಹಾಳೆ ಎರಡನ್ನೂ ತಡೆಯುತ್ತದೆ. ಬಿರುಕಿನಿಂದ ಹರಿಯುವ ಗಾಳಿ ಹೊತ್ತೊಯ್ಯುವ ಆವಿ ಗೋಡೆಯೊಳಗಿಂದ ಹಾಯುವ ಆವಿಗಿಂತ ಎಷ್ಟೋ ಪಟ್ಟು ಹೆಚ್ಚಿರುವುದರಿಂದ, ತೇವದ ತೊಂದರೆಗೂ ಮೊದಲ ಮದ್ದು ಸಂದು ಮುಚ್ಚುವುದೇ.

ಅಳತೆ ಮತ್ತು ಇತಿಹಾಸ

ಬಿಗಿತವನ್ನು ಅಳೆಯಲು ಬಾಗಿಲಿಗೆ ಫ್ಯಾನ್ ಕೂಡಿಸಿದ ಪರದೆ ಬಿಗಿದು, ಒಳಗೂ ಹೊರಗೂ 50 ಪಾಸ್ಕಲ್ ವ್ಯತ್ಯಾಸ ಉಂಟುಮಾಡುತ್ತಾರೆ. ಇದು 5 ಮಿಲಿಮೀಟರ್ ಎತ್ತರದ ನೀರಿನ ಒತ್ತಡಕ್ಕೆ ಸಮ. ಆ ವ್ಯತ್ಯಾಸವನ್ನು ಕಾಯ್ದುಕೊಳ್ಳಲು ಫ್ಯಾನ್ ತಳ್ಳಬೇಕಾದ ಗಾಳಿಯೇ ಸೋರಿಕೆಯ ಮೊತ್ತ. ‘ಬ್ಲೋವರ್ ಡೋರ್’ ಎಂದು ಕರೆಯುವ ಈ ಪರೀಕ್ಷೆ 1970ರ ದಶಕದಲ್ಲಿ ಸ್ವೀಡನ್ ಮತ್ತು ಅಮೆರಿಕಗಳಲ್ಲಿ ಬೆಳೆಯಿತು. 1973ರ ತೈಲ ಬಿಕ್ಕಟ್ಟು ಚಳಿ ದೇಶಗಳಿಗೆ ಮನೆ ಬೆಚ್ಚಗಿಡುವ ಖರ್ಚನ್ನು ನೆನಪಿಸಿತ್ತು. ಕೆನಡಾದ ರೆಜೈನಾ ನಗರದಲ್ಲಿ 1977ರಲ್ಲಿ ಕಟ್ಟಿದ ಸಸ್ಕಾಚೆವಾನ್ ಸಂರಕ್ಷಣಾ ಮನೆ ಬಿಗಿ ಮನೆಗಳಿಗೆ ಮಾದರಿಯಾಯಿತು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ 1991ರಲ್ಲಿ ಮೊದಲ ಪ್ಯಾಸಿವ್ ಹೌಸ್ ಎದ್ದಿತು. 50 ಪಾಸ್ಕಲ್‌ನಲ್ಲಿ ಗಂಟೆಗೆ 0.6 ಸಲಕ್ಕಿಂತ ಹೆಚ್ಚು ಗಾಳಿ ಬದಲಾಗಬಾರದೆಂಬುದು ಪ್ಯಾಸಿವ್ ಹೌಸಿನ ಕಟ್ಟಳೆ.

ಯಂತ್ರವಿಲ್ಲದೆಯೂ ಸಂದು ಪತ್ತೆ ಮಾಡಬಹುದು. ಕಿಟಕಿ-ಬಾಗಿಲು ಮುಚ್ಚಿ, ಎಕ್ಸಾಸ್ಟ್ ಫ್ಯಾನ್ ಹಾಕಿ, ಉರಿಯುವ ಊದಿನಕಡ್ಡಿಯನ್ನು ಚೌಕಟ್ಟಿನ ಅಂಚಿಗೆ, ಸ್ವಿಚ್ ಬೋರ್ಡಿಗೆ, ಎಸಿ ಪೈಪಿನ ತೂತಿಗೆ ಹಿಡಿದು ನಿಧಾನವಾಗಿ ಸರಿಸಬೇಕು. ಹೊಗೆ ನೆಟ್ಟಗೆ ಏಳುತ್ತಿದ್ದರೆ ಅಲ್ಲಿ ಸೋರಿಕೆಯಿಲ್ಲ. ಒಳಕ್ಕೆ ಬಾಗಿ ಚದುರಿದಲ್ಲಿ ತೂತಿದೆ.

ಮಾಳಿಗೆ ಮನೆ

ಈ ಸೀಮೆಯ ಹಳೆಯ ಮನೆಗಳು ಕಲ್ಲು-ಮಣ್ಣಿನ ದಪ್ಪ ಗೋಡೆಯವು, ಚಪ್ಪಟೆ ಮಣ್ಣಿನ ಮಾಳಿಗೆಯವು. ತೊಲೆಗಳ ಮೇಲೆ ಜಂತಿ, ಜಂತಿಯ ಮೇಲೆ ಒತ್ತಾಗಿ ಕಟ್ಟಿಗೆಯ ಚಿಲಕಿ, ಅದರ ಮೇಲೆ ಸೊಪ್ಪು ಅಥವಾ ಹುಲ್ಲಿನ ಹಾಸು, ಆಮೇಲೆ ತುಳಿದು ಹದ ಮಾಡಿದ ಮಣ್ಣು, ಎಲ್ಲಕ್ಕಿಂತ ಮೇಲೆ ಸವಳು ಮಣ್ಣು. ಕೊನೆಯ ಪದರದಲ್ಲೇ ಜಾಣ್ಮೆಯಿದೆ. ಸವಳು ಮಣ್ಣಿನಲ್ಲಿ ಸೋಡಿಯಂ ಅಂಶ ಹೆಚ್ಚು. ನೀರು ಬಿದ್ದೊಡನೆ ಅದರ ಜೇಡಿ ಕಣಗಳು ಬಿಡಿಬಿಡಿಯಾಗಿ ಹರಡಿ ಮಣ್ಣಿನ ಸೂಕ್ಷ್ಮ ರಂಧ್ರಗಳಲ್ಲಿ ತುಂಬಿಕೊಳ್ಳುತ್ತವೆ. ಹೊಲದಲ್ಲಿ ಬೆಳೆಗೆ ಕಂಟಕವಾದ ಗುಣವೇ ಮಾಳಿಗೆಯ ಮೇಲೆ ಮಳೆನೀರನ್ನು ತಡೆಯುತ್ತದೆ.

ಬೇಸಿಗೆಯಲ್ಲಿ ಈ ಪದರ ಒಣಗಿ ಸೀಳುತ್ತದೆ. ಆದ್ದರಿಂದ ಮಿರಗದ ಮಳೆಗೆ ಮೊದಲು, ಅಂದರೆ ಮೇ ಕೊನೆಯೊಳಗೆ, ಮಾಳಿಗೆ ಹತ್ತಿ ಹುಲ್ಲು ಕಿತ್ತು, ಇಲಿ ತೋಡಿದ ಬಿಲ ಮುಚ್ಚಿ, ಹೊಸದಾಗಿ ಸವಳು ಹರಡುತ್ತಾರೆ. ಗೋಡೆಗೆ ಮಣ್ಣಿನ ಗಿಲಾವ್, ನೆಲಕ್ಕೆ ಸಗಣಿಯ ಸಾರಣೆಯೂ ಹೀಗೆಯೇ ಆಗಾಗ ನಡೆಯಬೇಕಾದ ಕೆಲಸಗಳು. ಬಾಳಿಕೆಯ ಲಕ್ಷಣವನ್ನು ಇಲ್ಲಿ ವಸ್ತುವಿಗಿಂತ ವರ್ಷ ವರ್ಷದ ದುರಸ್ತಿ ಪೂರೈಸುತ್ತದೆ.

ಇಂಥ ಮನೆ ಪೂರ್ತಿ ಬಿಗಿಯಾದುದೇನಲ್ಲ. ಹಲಗೆಯ ಬಾಗಿಲುಗಳಲ್ಲಿ, ತೊಲೆ ಗೋಡೆಗೆ ಸೇರುವಲ್ಲಿ ಸಂದುಗಳಿರುತ್ತವೆ. ಆದರೆ ದೊಡ್ಡ ತೂತುಗಳು ಎಣಿಕೆಗೆ ಸಿಗುವಷ್ಟು ಮಾತ್ರ: ತಲೆಬಾಗಿಲು, ಒಂದೆರಡು ಸಣ್ಣ ಕಿಟಕಿ, ಮಾಳಿಗೆಯ ಬೆಳಕಿಂಡಿ. ಒಲೆ ಉರಿಯುವಾಗ ಬೆಳಕಿಂಡಿ ಹೊಗೆ ಬಿಡುತ್ತದೆ, ಮಳೆ ಬಂದರೆ ಕಲ್ಲು ಇಲ್ಲವೇ ತಗಡು ಮುಚ್ಚಿ ಅದನ್ನು ಬಂದ್ ಮಾಡುತ್ತಾರೆ. ಮುಚ್ಚಲು ಬರುವ ತೂತು, ಮುಚ್ಚಿದ ಉಳಿದ ಮೈ ಎಂಬ ಈ ಹಂಚಿಕೆ ಇಂದಿನ ಗಾಳಿತಡೆಯ ತತ್ವಕ್ಕೆ ಹತ್ತಿರದ್ದು.

ಮಣ್ಣಿನ ಮನೆಯ ದೌರ್ಬಲ್ಯ ನೀರು. 2009ರ ಮತ್ತು 2019ರ ನೆರೆಗಳಲ್ಲಿ ನದಿ ದಂಡೆಯ ಊರುಗಳಲ್ಲಿ ನೆನೆದ ಗೋಡೆಗಳು ಕುಸಿದವು. 2009ರ ನಂತರ ರಾಜ್ಯ ಸರ್ಕಾರ ‘ಆಸರೆ’ ಯೋಜನೆಯಡಿ ಸಿಮೆಂಟಿನ ಮನೆಗಳನ್ನು ಕಟ್ಟಿಸಿಕೊಟ್ಟಿತು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳ್ಳಿಗಳು ಮುಳುಗಿದಾಗ ಜನ ಪುನರ್ವಸತಿ ಕೇಂದ್ರಗಳಿಗೆ ಸರಿದರು. ಮಾಳಿಗೆ ಮನೆಗಳೊಂದಿಗೆ ಅವುಗಳ ವರ್ಷದ ಆರೈಕೆಯ ರೂಢಿಯೂ ಹಲವೆಡೆ ನಿಂತಿತು.

ಹಗೇವು ಮತ್ತು ಗೋದಾಮು

ಈ ಭಾಗದಲ್ಲಿ ನಿಜಕ್ಕೂ ಗಾಳಿಯಾಡದಂತೆ ಕಟ್ಟಿದ ಹಳೆಯ ರಚನೆ ಹಗೇವು. ನೀರು ನಿಲ್ಲದ ಎತ್ತರದ ಜಾಗದಲ್ಲಿ, ಬಾಯಿ ಕಿರಿದಾಗಿ ಒಡಲು ಅಗಲವಾಗಿ ನೆಲದಲ್ಲಿ ತೋಡಿದ ಕುಣಿ ಅದು. ಸುತ್ತ ಕಣಿಕೆ, ಹುಲ್ಲು, ಹೊಟ್ಟು ಹಾಸಿ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು ಮಣ್ಣು ಮೆತ್ತುತ್ತಿದ್ದರು. ಒಳಗೆ ಉಳಿದ ಗಾಳಿಯ ಆಮ್ಲಜನಕವನ್ನು ಕಾಳು, ಹುಳು, ಬೂಷ್ಟುಗಳೇ ಉಸಿರಾಡಿ ತೀರಿಸುತ್ತವೆ; ಇಂಗಾಲದ ಡೈ ಆಕ್ಸೈಡ್ ಏರುತ್ತದೆ. ಆಮ್ಲಜನಕ ಶೇ. 3ಕ್ಕಿಂತ ಕೆಳಗಿಳಿದರೆ ಕಾಳು ತಿನ್ನುವ ಹುಳುಗಳು ಬದುಕುವುದು ಕಷ್ಟ. ಯಾವ ಔಷಧವೂ ಇಲ್ಲದೆ ಜೋಳ ಬರಗಾಲದವರೆಗೂ ಉಳಿಯುತ್ತಿದ್ದುದು ಹೀಗೆ.

ಹುಳುವನ್ನು ಕೊಲ್ಲುವ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ. ಬಾಯಿ ತೆಗೆದ ಕೂಡಲೇ ಇಳಿದವರು ಉಸಿರುಗಟ್ಟಿ ಸತ್ತದ್ದುಂಟು. ಅದಕ್ಕಾಗಿ ಹಗೇವನ್ನು ತೆರೆದು ಬಹಳ ಹೊತ್ತು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪವನ್ನು ಮೊದಲು ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುವ ಪದ್ಧತಿಯಿತ್ತು. ದೀಪ ಉರಿದ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪಿತೆನ್ನಲು ಬಾರದು. ಜ್ವಾಲೆ ಉಳಿಯುವಷ್ಟು ಆಮ್ಲಜನಕವಿದ್ದೂ ಇಂಗಾಲದ ಡೈ ಆಕ್ಸೈಡ್ ಮಿತಿ ಮೀರಿರಬಹುದು.

ಇಂದಿನ ಗೋದಾಮುಗಳಲ್ಲಿ ಚೀಲಗಳ ರಾಶಿಯ ಮೇಲೆ ಗಾಳಿ ತೂರದ ಹಾಳೆ ಹೊದಿಸಿ, ಅಂಚಿನ ಮೇಲೆ ಉದ್ದನೆಯ ಮರಳಿನ ಚೀಲಗಳನ್ನು ಇಟ್ಟು, ತರಬೇತಿ ಪಡೆದವರು ಅಲ್ಯೂಮಿನಿಯಂ ಫಾಸ್ಫೈಡ್ ಬಳಸಿ ಧೂಮೀಕರಣ ಮಾಡುತ್ತಾರೆ. ಅಂಚು ಎಲ್ಲಾದರೂ ಎದ್ದಿದ್ದರೆ ಅನಿಲದ ಸಾಂದ್ರತೆ ಕುಸಿದು ಹುಳು ಉಳಿಯುತ್ತದೆ. ಉಳಿದ ಹುಳುವಿನ ಸಂತತಿ ಔಷಧಕ್ಕೆ ಬಗ್ಗದಂತಾಗುವ ಅಪಾಯವೂ ಇದೆ. ಮನೆಬಳಕೆಗೆ ಹಗೇವಿನ ತತ್ವದ್ದೇ ಆದ ಗಾಳಿಯಾಡದ ಬಹುಪದರ ಚೀಲಗಳು ಬಂದಿವೆ.

ಮಗ್ಗದ ಮನೆ

ರಬಕವಿ-ಬನಹಟ್ಟಿ ನೇಕಾರರ ಊರು. ಕೈಮಗ್ಗದ ಜೊತೆಗೆ ವಿದ್ಯುತ್ ಮಗ್ಗಗಳೂ ಇವೆ. ವಾಸದ ಮನೆ, ಮಗ್ಗದ ಕೋಣೆ ಒಂದೇ ಸೂರಿನಡಿ ಇರುವುದು ಸಾಮಾನ್ಯ. ಹತ್ತಿಯ ನೂಲು ತೇವ ಹೀರಿದಾಗ ಗಟ್ಟಿಯಾಗುತ್ತದೆ, ಒಣಗಿದರೆ ಹರಿಯುತ್ತದೆ. ನೇಯ್ಗೆಗೆ ಶೇ. 75ರಿಂದ 85ರಷ್ಟು ಸಾಪೇಕ್ಷ ಆರ್ದ್ರತೆ ಹಿತ. ನೆಲದ ಕುಣಿಯಲ್ಲಿ ಕಾಲಿಟ್ಟು ನೇಯುವ ಮಗ್ಗದಲ್ಲಿ ಹಾಸು ನೆಲಕ್ಕೆ ಸಮೀಪವಿದ್ದು, ಮಣ್ಣಿನ ತಂಪು-ತೇವ ನೂಲಿಗೆ ದಕ್ಕುತ್ತದೆ. ಎತ್ತರದಲ್ಲಿ ನಿಲ್ಲುವ ವಿದ್ಯುತ್ ಮಗ್ಗಕ್ಕೆ, ಅದರಲ್ಲೂ ಪತ್ರಾಸ್ (ಅಲೆಯಲೆಯಾದ ತಗಡು) ಹೊದಿಸಿದ ಶೆಡ್ಡಿನಲ್ಲಿ, ಈ ಅನುಕೂಲವಿಲ್ಲ.

ಸೋರಿಕೆಯ ಬೆಲೆ ಇಲ್ಲಿ ನೀರಿನ ಲೆಕ್ಕದಲ್ಲಿ ತಿಳಿಯುತ್ತದೆ. 40 ಡಿಗ್ರಿಯ, ಶೇ. 20 ಆರ್ದ್ರತೆಯ ಹೊರಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 10 ಗ್ರಾಂ ಆವಿಯಿರುತ್ತದೆ. 30 ಡಿಗ್ರಿಯ, ಶೇ. 75 ಆರ್ದ್ರತೆಯ ಒಳಗಾಳಿಯಲ್ಲಿ ಸುಮಾರು 23 ಗ್ರಾಂ. 200 ಘನ ಮೀಟರಿನ ಶೆಡ್ಡಿನಲ್ಲಿ ಗಾಳಿ ಗಂಟೆಗೆ ಎರಡು ಸಲ ಬದಲಾದರೆ ಕೊರತೆ ತುಂಬಲು ಗಂಟೆಗೆ 5 ಲೀಟರ್ ನೀರು ಆವಿಯಾಗಬೇಕು. ಸೋರಿಕೆ ಅರ್ಧಕ್ಕಿಳಿದರೆ ನೀರೂ ಅರ್ಧ ಸಾಕು. ಪತ್ರಾಸಿನ ಅಲೆಗಳು ಗೋಡೆಯ ಮೇಲೆ ಕೂರುವಲ್ಲಿ ಉಳಿಯುವ ಕಿಂಡಿಗಳ ಸಾಲನ್ನು ಮುಚ್ಚುವುದು ಇಲ್ಲಿ ಮೊದಲು ಮಾಡಬೇಕಾದ ಕೆಲಸ. ಮಗ್ಗದ ಸದ್ದು ನೆರೆಮನೆಗೆ ಹೋಗುವುದೂ ಅದರಿಂದ ತಗ್ಗುತ್ತದೆ. ಆದರೆ ಪತ್ರಾಸಿನ ಕೆಳಗೆ ಶಾಖ ತಡೆಯುವ ಹಾಸು ಹಾಕದೆ ಕಿಂಡಿಗಳನ್ನಷ್ಟೇ ಮುಚ್ಚಿದರೆ ಕಾವು ಒಳಗೇ ಕೂಡಿಬೀಳುತ್ತದೆ. ನೂಲಿನ ಎಳೆಧೂಳು ಹೊರಹೋಗಲು ಜಾಳಿಗೆಯಿರುವ ಫ್ಯಾನಿಗೆ ಗೊತ್ತಾದ ಒಂದು ದಾರಿ ಬಿಡಲೇಬೇಕು.

ಶೀತಲಗೃಹ

ಜಮಖಂಡಿ ತಾಲ್ಲೂಕಿನ ಸಾವಳಗಿ ಕಡೆಯ ರೈತರು ದ್ರಾಕ್ಷಿ ಬೆಳೆದು ಒಣದ್ರಾಕ್ಷಿ ಮಾಡುತ್ತಾರೆ. ಒಂದೇ ಬೆಳೆಗೆ ಗಾಳಿಯ ಎರಡು ವಿರುದ್ಧ ಸ್ಥಿತಿಗಳು ಬೇಕಾಗುತ್ತವೆ. ಒಣಗಿಸುವ ಶೆಡ್ಡಿಗೆ ಮೇಲೆ ನೆರಳು ಮಾತ್ರ, ಸುತ್ತ ಗೋಡೆಯಿಲ್ಲ. ಜಾಲರಿಯ ಅಟ್ಟಗಳ ನಡುವೆ ಒಣಗಾಳಿ ಎಷ್ಟು ಹಾದರೆ ಅಷ್ಟು ಒಳ್ಳೆಯದು. ಒಣಗಿದ ಮೇಲೆ ಬಣ್ಣ ಕೆಡದಂತೆ 4-5 ಡಿಗ್ರಿಯ ಶೀತಲಗೃಹದಲ್ಲಿ ಇಡುತ್ತಾರೆ. ಅಲ್ಲಿ ಗಾಳಿ ನುಸುಳಿದರೆ ಅದರ ತೇವ ತಂಪು ಕೊಳವೆಗಳ ಮೇಲೆ ಹಿಮವಾಗಿ ಕೂತು ಯಂತ್ರದ ದುಡಿಮೆ ಹೆಚ್ಚಿಸುತ್ತದೆ.

ಶೀತಲಗೃಹದ ಗೋಡೆ ಎರಡು ತಗಡುಗಳ ನಡುವೆ ಪಾಲಿಯುರಿಥೇನ್ ನೊರೆ ತುಂಬಿದ ಪಫ್ ಪ್ಯಾನೆಲ್‌ಗಳದು. ತಗಡೇ ಗಾಳಿತಡೆ, ಅದೇ ಆವಿತಡೆ. ಸೋರುವುದೇನಿದ್ದರೂ ಪ್ಯಾನೆಲ್‌ಗಳ ಕೂಡುಗೆರೆಯಲ್ಲಿ. ಆವಿ ಬಿಸಿ ಕಡೆಯಿಂದ ತಂಪು ಕಡೆಗೆ ಸಾಗುವುದರಿಂದ ಸೀಲೆಂಟ್ ಮುಖ್ಯವಾಗಿ ಹೊರಮೈಯಲ್ಲಿ ಬಿಗಿಯಾಗಿರಬೇಕು. ಬಾಗಿಲಿಗೆ ಪ್ಲಾಸ್ಟಿಕ್ ಪಟ್ಟಿಗಳ ಪರದೆ ಅಥವಾ ಮೇಲಿನಿಂದ ಬೀಸುವ ಗಾಳಿಪರದೆ ಹಾಕುತ್ತಾರೆ. ಪೂರ್ತಿ ಮುಚ್ಚಿದ ಕೋಣೆಯಲ್ಲಿ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಒತ್ತಡ ಸುಮಾರು 350 ಪಾಸ್ಕಲ್ ಇಳಿಯುತ್ತದೆ, ಅಂದರೆ ಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಸುಮಾರು 35 ಕಿಲೋ ಭಾರ ಬಿದ್ದಂತೆ. ಪ್ಯಾನೆಲ್ ಒಳಕ್ಕೆ ಬಾಗದಂತೆ ಒತ್ತಡ ಸರಿದೂಗಿಸುವ ಕವಾಟ ಇಡುವುದು ಇದಕ್ಕಾಗಿ.

ಸ್ಲ್ಯಾಬಿನ ಮನೆ, ಕೂಲರ್, ಎಸಿ

ಆರ್‌ಸಿಸಿ ಸ್ಲ್ಯಾಬು, ಎರಡೂ ಮೈ ಗಿಲಾವಾದ ಇಟ್ಟಿಗೆ ಗೋಡೆ ಗಾಳಿಯನ್ನು ಚೆನ್ನಾಗಿ ತಡೆಯುತ್ತವೆ. ಸೋರಿಕೆ ಇರುವುದು ಗೌಂಡಿ ಮತ್ತು ಬಡಿಗೇರನ ಕೆಲಸಗಳು ಸೇರುವ ಗೆರೆಯಲ್ಲಿ: ಚೌಕಟ್ಟಿಗೂ ಗೋಡೆಗೂ ನಡುವೆ, ಸರಿಯುವ ಅಲ್ಯುಮಿನಿಯಂ ಕಿಟಕಿಯ ಹಳಿಯಲ್ಲಿ, ಬಾಗಿಲ ಅಡಿಯಲ್ಲಿ, ವೈರಿನ ಪೈಪುಗಳಲ್ಲಿ.

ಇವನ್ನು ಮುಚ್ಚಬೇಕೇ ಎಂಬುದು ತಂಪು ಮಾಡುವ ಸಾಧನವನ್ನು ಅವಲಂಬಿಸಿದೆ. ಒಣಹವೆಯ ಈ ಸೀಮೆಯಲ್ಲಿ ಬೇಸಿಗೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ; ಆದರೆ ಅದು ಹೊರಗಾಳಿಯನ್ನು ತೇವ ಮಾಡಿ ಒಳದಬ್ಬುವ ಯಂತ್ರ. ಎದುರು ಕಿಟಕಿ ತೆರೆದಿದ್ದರೆ ಮಾತ್ರ ತೇವಗಾಳಿ ಹೊರಹೋಗುತ್ತದೆ, ಮುಚ್ಚಿದರೆ ಸೆಕೆಯಾಗುತ್ತದೆ. ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುವುದರಿಂದ ಅದಕ್ಕೆ ಬಿಗಿ ಕೋಣೆ ಬೇಕು. ಎರಡನ್ನೂ ಬಳಸುವ ಮನೆಯಲ್ಲಿ ಎಸಿಯಿರುವ ಒಂದು ಕೋಣೆಯ ಸಂದುಗಳನ್ನು ಮುಚ್ಚಿದರೆ ಸಾಕು.

ನಿಯಮಗಳು

ಭಾರತದ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ 2007ರಲ್ಲಿ ಬಂದು 2017ರಲ್ಲಿ ಪರಿಷ್ಕಾರಗೊಂಡಿತು. 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ವಿದ್ಯುತ್ ಸಂಪರ್ಕವಿರುವ ವಾಣಿಜ್ಯ ಕಟ್ಟಡಗಳನ್ನು ಗಮನದಲ್ಲಿಟ್ಟುಕೊಂಡ ಇದು ಚೌಕಟ್ಟು, ಗೋಡೆ-ತಳಪಾಯ, ಗೋಡೆ-ಮಾಳಿಗೆ ಸೇರುವ ಸಂದು ಮತ್ತು ಪೈಪುಗಳು ಹಾಯುವ ತೂತುಗಳನ್ನು ಮುಚ್ಚಬೇಕೆನ್ನುತ್ತದೆ. ವಾಸದ ಕಟ್ಟಡಗಳಿಗಾಗಿ 2018ರಲ್ಲಿ ಬಂದ ಇಕೋ ನಿವಾಸ್ ಸಂಹಿತೆ ಕಿಟಕಿ ತೆರೆಯುವುದಕ್ಕೂ ಕಟ್ಟಳೆ ಮಾಡಿತು: ನೆಲದ ವಿಸ್ತೀರ್ಣಕ್ಕೆ ಹೋಲಿಸಿ ತೆರೆಯಬಲ್ಲ ಕಿಟಕಿ ಬಿಸಿ-ಒಣ ವಲಯದಲ್ಲಿ ಕನಿಷ್ಠ ಶೇ. 10, ಮಿಶ್ರ ವಲಯದಲ್ಲಿ ಶೇ. 12.5 ಇರಬೇಕು. 12 ಚದರ ಮೀಟರ್ ಕೋಣೆಗೆ ಶೇ. 10 ಎಂದರೆ 1.2 ಚದರ ಮೀಟರ್ ಕಿಟಕಿ. ಒಂದು ಸಂಹಿತೆ ಸಂದು ಮುಚ್ಚಿಸಿ, ಇನ್ನೊಂದು ಕಿಟಕಿ ತೆರೆಯಿಸುವುದರಲ್ಲಿ ವಿರೋಧವಿಲ್ಲ. ಸದಾ ತೆರೆದೇ ಇರುವ ಸಂದು ಬೇರೆ, ಬೇಕೆಂದಾಗ ತೆರೆದು ಮುಚ್ಚುವ ಕಿಟಕಿ ಬೇರೆ.

ಬಿಗಿತದ ಮಿತಿ

ಒಳಗೆ ಬೆಂಕಿ ಉರಿಯುವ ಜಾಗವನ್ನು ಬಿಗಿ ಮಾಡಬಾರದು. ಕಿಟಕಿಯಿಲ್ಲದ ಬಚ್ಚಲಮನೆಯಲ್ಲಿ ಗ್ಯಾಸ್ ಗೀಸರ್ ಉರಿಸಿದರೆ ಆಮ್ಲಜನಕ ತಗ್ಗಿ, ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಹುಟ್ಟಿ ಸಾವು ಸಂಭವಿಸುತ್ತದೆ. ಸೌದೆ ಒಲೆಯ ಅಡುಗೆಮನೆಗೆ ಬೆಳಕಿಂಡಿ ಅಥವಾ ಹೊಗೆಗೂಡು ಬೇಕೇ ಬೇಕು. ಹೆಚ್ಚು ಜನ ಮಲಗುವ ಬಿಗಿ ಕೋಣೆಗೆ ಹೊರಗಾಳಿ ತರುವ ದಾರಿಯಿಲ್ಲದಿದ್ದರೆ ಬೆಳಗಾಗುವುದರೊಳಗೆ ಇಂಗಾಲದ ಡೈ ಆಕ್ಸೈಡ್ ಏರಿ ತಲೆ ಭಾರವಾಗುತ್ತದೆ. ಆದ್ದರಿಂದ ಈ ಸೀಮೆಯಲ್ಲಿ ಹೊಸ ಮನೆ ಕಟ್ಟುವವರು ಯಾವ ಕೋಣೆ ಬಿಗಿಯಾಗಬೇಕು, ಯಾವುದು ತೆರೆದಿರಬೇಕು ಎಂಬುದನ್ನು ನಕ್ಷೆ ಬರೆಯುವಾಗಲೇ ಗೊತ್ತುಮಾಡಿ, ಚೌಕಟ್ಟು ಕೂಡಿಸುವ ದಿನವೇ ಅದರ ಸುತ್ತಲ ಸಂದು ತುಂಬಿಸುವುದು ಮೇಲು. ಗಿಲಾವಾದ ಮೇಲೆ ಅದೇ ಕೆಲಸಕ್ಕೆ ಗೋಡೆ ಕೆತ್ತಬೇಕಾಗುತ್ತದೆ.